ಅಣ್ಣನ ಹಗ್ಗ

ಮುಳ್ಳುತಂತಿಯನ್ನು ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಹೊಲದ ಸುತ್ತ ಅದನ್ನು ಎಳೆಯುವುದು ಉದ್ದದ ಲೆಕ್ಕದಲ್ಲಿ. ಕೆಜಿಯನ್ನು ಅಡಿ ಮಾಡುವುದು, ಅಡಿಯನ್ನು ಕೆಜಿ ಮಾಡುವುದು, ಇಷ್ಟು ಬಂದರೆ ಬೇಲಿ ಕೆಲಸದವನು ಬದುಕಬಹುದು. ನನಗೆ ಅದು ಬರುತ್ತಿರಲಿಲ್ಲ. ಆರನೇ ತರಗತಿಯಲ್ಲಿ ದೊಡ್ಡ ಭಾಗಾಕಾರ ಬಂತು, ನಾನು ಹೊರಗೆ ಬಂದೆ. ಆಮೇಲೆ ಅದು ಇರುವ ಕಡೆಗೆ ನಾನು ಹೋಗಲಿಲ್ಲ.

ನಮ್ಮ ಮನೆ ನ್ಯಾಮತಿಯಲ್ಲಿ. ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಕಲ್ಲುಕಂಬ ನೆಟ್ಟ ಹೊಲಗಳಿಗೆ ತಂತಿ ಎಳೆದುಕೊಡುವುದು ನನ್ನ ಕೆಲಸ. ಮೊದಮೊದಲು ಹೊಲವನ್ನು ಕಣ್ಣಲ್ಲೇ ನೋಡಿ, ಗಡ್ಡ ಕೆರೆದುಕೊಂಡು, ಇಷ್ಟು ಕೆಜಿ ತರಿಸಿ ಎನ್ನುತ್ತಿದ್ದೆ. ಒಂದು ಕಡೆ ತಂತಿ ಸಾಲುತ್ತಿರಲಿಲ್ಲ. ಇನ್ನೊಂದು ಕಡೆ ಎರಡು ಸುರುಳಿ ಉಳಿದು, ಹೊಲದವರು ಅದನ್ನು ದನದ ಕೊಟ್ಟಿಗೆಯ ಮೂಲೆಗೆ ಹಾಕಿ, ಹೋಗುವಾಗ ಬರುವಾಗ ಕಾಲು ಗೀಚಿಕೊಂಡು, ನನ್ನನ್ನು ನೆನೆಯುತ್ತಿದ್ದರು.

ಇದನ್ನು ಸರಿ ಮಾಡಿದವಳು ನನ್ನ ತಂಗಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ನಾನು ಉಣ್ಣುತ್ತಾ ಕೂತಿದ್ದಾಗ ಒಂದು ದಿನ ಕೇಳಿದಳು.

"ಅಣ್ಣ, ಒಂದು ಕೆಜಿ ತಂತಿ ಬಿಚ್ಚಿದ್ರೆ ಎಷ್ಟು ಅಡಿ ಬರ್ತೈತೆ?"

"ಯಾರಿಗ್ಗೊತ್ತು. ಅದೇನು ಸೀರೆನಾ, ಮಡಿಕೆ ಬಿಚ್ಚಿ ನೋಡಾಕೆ?"

"ಬಿಚ್ಚೋದು ಬ್ಯಾಡ. ಮೂರು ಅಡಿ ತುಂಡು ಮಾಡಿ ತೂಕ ಹಾಕಿಸ್ಕೊಂಡು ಬಾ. ಸಣ್ಣ ತಕ್ಕಡಿ ಬೇಕು, ತರಕಾರಿ ತಕ್ಕಡೀಲಿ ಅದು ಏಳಾದೇ ಇಲ್ಲ."

ಸಣ್ಣ ತಕ್ಕಡಿ ಇದ್ದದ್ದು ಅಕ್ಕಸಾಲಿಯ ಹತ್ತಿರ. ಮೂರು ಅಡಿ ಮುಳ್ಳುತಂತಿಯನ್ನು ಬಳೆಯ ಹಾಗೆ ಸುತ್ತಿ ಕಾಗದದಲ್ಲಿ ಕಟ್ಟಿಕೊಂಡು ಹೋದೆ. ಅಲ್ಲಿ ಕೂತಿದ್ದ ಇಬ್ಬರು ಹೆಂಗಸರು ಜಾಗ ಬಿಟ್ಟರು. ನಾನು ಪೊಟ್ಟಣ ಬಿಚ್ಚಿದೆ. ಅಕ್ಕಸಾಲಿ ಕನ್ನಡಕ ಮೇಲೇರಿಸಿ ತಂತಿಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರ ಕೊರಳಿಗಪ್ಪಾ ಇದು?"

"ತೂಕ ಅಷ್ಟೇ ರೀ ಆಚಾರ್ರೇ."

"ಕರಗಿಸಾಕೆ ಅಲ್ವಲ್ಲ, ಪುಣ್ಯ. ತಟ್ಟೆ ಗೀಚದಂಗೆ ಇಡು."

ಸರಿಯಾಗಿ ನೂರು ಗ್ರಾಂ ಬಂತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಮನೆಗೆ ಬಂದು ಹೇಳಿದೆ. ತಂಗಿ ಒಂದು ನೋಟುಬುಕ್ಕು ತೆಗೆದು ಮೊದಲ ಪುಟದಲ್ಲಿ ಬರೆದಳು: ಮೂರು ಅಡಿಗೆ ನೂರು ಗ್ರಾಂ, ಅಂದರೆ ಕೆಜಿಗೆ ಮೂವತ್ತು ಅಡಿ. ಅಷ್ಟೇ. ನನ್ನ ನಾಲ್ಕು ವರ್ಷದ ಮರ್ಯಾದೆ ಒಂದು ಸಾಲಿನಲ್ಲಿ ಮುಗಿಯಿತು.

ಬೇರೆ ಬೇರೆ ದಪ್ಪದ ತಂತಿಗೆ ಬೇರೆ ತೂಕ ಎಂದೂ ಅವಳೇ ಹೇಳಿಕೊಟ್ಟಳು. ಗೇಜಿನ ನಂಬರು ಹೆಚ್ಚಾದ ಹಾಗೆ ತಂತಿ ಸಣ್ಣಗಾಗುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹನ್ನೆರಡಕ್ಕಿಂತ ಹದಿನಾಲ್ಕು ದಪ್ಪ ಎಂದು ಎಷ್ಟೋ ಜನಕ್ಕೆ ಗಟ್ಟಿಯಾಗಿ ಹೇಳಿ ಕಳಿಸಿದ್ದೆ. ಹೋಗಲಿ, ತಂತಿಯ ದಪ್ಪ ಅರ್ಧ ಆದರೆ ತೂಕವೂ ಅರ್ಧ ತಾನೆ ಎಂದೆ. ಅಲ್ಲವಂತೆ, ಕಾಲು ಭಾಗವಂತೆ. ನಾನು ಒಪ್ಪಲಿಲ್ಲ.

"ಅವ್ವ, ಅಂಗೈಯಗಲ ರೊಟ್ಟಿಗೆ ಒಂದು ಉಂಡೆ ಹಿಟ್ಟು ಹಿಡಿದ್ರೆ, ಅದರ ಎರಡರಷ್ಟು ಅಗಲದ ರೊಟ್ಟಿಗೆ ಎಷ್ಟು ಉಂಡೆ ಬೇಕು?" ಎಂದು ತಂಗಿ ಒಳಗೆ ಕೂಗಿದಳು.

"ನಾಕು," ಎಂದಳು ಅವ್ವ, ಒಲೆಯ ಮುಂದಿನಿಂದಲೇ. "ಯಾಕೆ, ಅಷ್ಟೂ ಗೊತ್ತಿಲ್ಲೇನು ಅವನಿಗೆ?"

ಕೆಜಿಯ ಕಡೆ ಹೀಗೆ ಸರಿಯಾಯಿತು. ಅಡಿಯ ಕಡೆ ನನ್ನದು. ಹೊಲದ ಸುತ್ತಳತೆಗೆ ನಾನು ಹಗ್ಗ ಇಟ್ಟುಕೊಂಡಿದ್ದೆ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಮಾರು ಎಂದರೆ ಆರು ಅಡಿ ಎಂದು ಎಲ್ಲರೂ ಹೇಳುತ್ತಾರೆ. ಹತ್ತು ಮಾರು ಅಳೆದು ಮಾಡಿದ ನನ್ನ ಹಗ್ಗ ಅರವತ್ತು ಅಡಿ ಎಂದು ನಾನೂ ಹೇಳುತ್ತಿದ್ದೆ. ಬಸ್ಸಿನ ಮೇಲಿನ ಕಂಬಿ ನನ್ನ ಕೈಗೆ ಸಿಗುವುದಿಲ್ಲ, ಸೀಟಿನ ಬೆನ್ನು ಹಿಡಿದೇ ನಿಲ್ಲಬೇಕು. ಅಂಥವನ ಮಾರು ಆರು ಅಡಿ ಹೇಗಾಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಟೇಪು ಕೊಂಡುಕೋ ಎಂದವರಿಗೆ, ಟೇಪು ಹಿಗ್ಗುತ್ತೆ, ಕೈ ಹಿಗ್ಗಲ್ಲ ಎನ್ನುತ್ತಿದ್ದೆ.

ಹೊಲ ಸುತ್ತಿ ಬಂದು, "ಹದಿನೆಂಟು ಹಗ್ಗ, ಐದು ಎಳೆ" ಎಂದು ತಂಗಿಗೆ ಹೇಳಿದರೆ ಸಾಕು. ಎಳೆ ಎಂದರೆ ಕಂಬಕ್ಕೆ ಒಂದರ ಮೇಲೊಂದು ಕಟ್ಟುವ ತಂತಿಯ ಸಾಲು. ನೋಟುಬುಕ್ಕಿನಲ್ಲಿ ಗೀಚಿ ಒಂದು ನಿಮಿಷದಲ್ಲಿ ಇಷ್ಟು ಕೆಜಿ ಎನ್ನುತ್ತಿದ್ದಳು. ಗಂಟಿಗೆಂದು ಸ್ವಲ್ಪ ಮೇಲೆ ಹಾಕುತ್ತಿದ್ದಳು. ಮೂರು ವರ್ಷ ಒಂದು ಬೇಲಿಯೂ ತಪ್ಪಲಿಲ್ಲ. ಕೊನೆಯ ಕಂಬ ಕಟ್ಟಿದ ಮೇಲೆ ಕೈಯಲ್ಲಿ ಒಂದು ಮೊಳ ತಂತಿ ಉಳಿದರೆ ಹೆಚ್ಚು. ಜನ ನನ್ನನ್ನು ಲೆಕ್ಕದ ಮೇಸ್ತ್ರಿ ಎನ್ನತೊಡಗಿದರು. ಹೆಂಗೆ ಮಾಡ್ತೀಯಪ್ಪ ಎಂದರೆ ಹಣೆ ಮುಟ್ಟಿಕೊಂಡು, "ಎಲ್ಲಾ ಇಲ್ಲೇ ಐತೆ" ಎನ್ನುತ್ತಿದ್ದೆ. ಆಮೇಲೆ ಬೈಕಿಗೆ ಏನೋ ಆಗಿದೆ ಎಂದು ಅದರ ಹಿಂದೆ ಕೂತು ಮನೆಗೆ ಫೋನು ಮಾಡುತ್ತಿದ್ದೆ.

ಹೊನ್ನಾಳಿಯ ಹಾರ್ಡ್‌ವೇರ್ ಅಂಗಡಿಯವರು ನನ್ನ ಈ ಬೈಕಿನ ರಿಪೇರಿಯನ್ನು ಎರಡು ಮೂರು ಸಲ ನೋಡಿದ್ದರು. ನಾವು ತಂತಿ ತರುತ್ತಿದ್ದುದು ಅವರಲ್ಲೇ. ಒಂದು ದಿನ ಕರೆದು ಕೂರಿಸಿದರು.

"ಆ ಕಡೆ ಮಾತಾಡೋರು ಯಾರು?"

"ತಂಗಿ, ಸಾಹುಕಾರ್ರೇ."

"ಹಂಗಾದ್ರೆ ನಿನ್ನ ತಲೆ ನ್ಯಾಮತೀಲಿ ಐತೆ ಅನ್ನು. ಬರೋ ತಿಂಗ್ಳಿಂದ ಆ ಹುಡುಗೀನ ನಮ್ಮ ಕೌಂಟರಿಗೆ ಕಳ್ಸು. ತಂತಿ, ಕಬ್ಬಿಣ, ಪೈಪು, ಎಲ್ಲದಕ್ಕೂ ಜನ ಅಡಿ ಕೇಳ್ತಾರೆ, ನಾನು ಕೆಜಿ ಹೇಳಿ ಬೈಸ್ಕೊಳ್ತೀನಿ."

ತಂಗಿಗೆ ಹೇಳಿದೆ. ಅವಳು ಕುಣಿಯಲಿಲ್ಲ, ಏನೂ ಇಲ್ಲ. ಬೆಳಗ್ಗೆ ಹೊನ್ನಾಳಿಗೆ ಎಷ್ಟು ಗಂಟೆಗೆ ಬಸ್ಸು ಎಂದು ಕೇಳಿದಳು. ಮಾರನೆಯ ದಿನ ಮತ್ತೆ ಕೇಳಿದಳು. ಸಂಜೆ ಎರಡು ಚೂಡಿದಾರಗಳಿಗೆ ಇಸ್ತ್ರಿ ಹಾಕಿ ಮಡಿಸಿಟ್ಟಳು. ತಿಂಗಳು ಶುರುವಾಗಲು ಇನ್ನೂ ಹನ್ನೊಂದು ದಿನ ಇತ್ತು.

ಆ ಹನ್ನೊಂದು ದಿನದೊಳಗೆ ನಲ್ಲೂರಿನ ಹತ್ತಿರದ ಒಂದು ಹೊಲದ ಕೆಲಸ ಬಂತು. ಕಾಡುಹಂದಿ ಕಾಟ, ಕಂಬ ನೆಟ್ಟಾಗಿತ್ತು, ಐದು ಎಳೆ ತಂತಿ ಬೇಕಿತ್ತು. ಅಳತೆಗೆ ಹೋದ ದಿನ ಹಗ್ಗ ಮನೆಯಲ್ಲೇ ಮರೆತಿದ್ದೆ. ಹೊಲದ ಯಜಮಾನರು, "ಅದಕ್ಕೇನು, ನಮ್ಮ ಮನೇಲಿ ಹಗ್ಗ ಐತೆ, ನಾನೇ ಮಾರು ಹಾಕ್ತೀನಿ" ಎಂದರು. ಅವರ ಆಳು ಅಷ್ಟು ಹೊತ್ತಿಗೆ ಫ್ಲಾಸ್ಕಿನಲ್ಲಿ ಚಹಾ ತಂದ. ಬಿಸಿಲಿತ್ತು. ಹೊಂಗೆ ಮರದ ನೆರಳಿತ್ತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯಲು ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು.

ಯಜಮಾನರು ಬಾಗಿಲಲ್ಲಿ ತಲೆ ಬಗ್ಗಿಸಿ ಹೋಗುವಷ್ಟು ಎತ್ತರ. ಅವರು ಹಗ್ಗ ಹಿಡಿದು ಕೈ ಚಾಚಿದ್ದನ್ನು ನಾನು ಮರದ ಕೆಳಗಿನಿಂದ ನೋಡಿದೆ. ರೆಕ್ಕೆ ಬಿಚ್ಚಿದ ಹದ್ದಿನ ಹಾಗೆ ಕಂಡರು. ಹಾಗೆ ಕಂಡಿತಲ್ಲ, ಆಗಲಾದರೂ ತಲೆಗೆ ಏನಾದರೂ ಹೊಳೆಯಬೇಕಿತ್ತು. ನಾನು ಇನ್ನರ್ಧ ಲೋಟ ಬಗ್ಗಿಸಿಕೊಂಡೆ. ಅವರೇ ಆಳಿನ ಜೊತೆ ಹೊಲ ಸುತ್ತಿ ಬಂದು, "ಇಪ್ಪತ್ನಾಕು ಹಗ್ಗ, ಮೇಸ್ತ್ರಿ" ಎಂದರು. ನಾನು ಮನೆಗೆ ಫೋನು ಮಾಡಿ, "ಇಪ್ಪತ್ನಾಕು ಹಗ್ಗ, ಐದು ಎಳೆ" ಎಂದೆ. ತಂಗಿ, "ಇನ್ನೂರು ಕೆಜಿ, ಗಂಟಿಗೆ ನಾಕು" ಎಂದಳು.

ಮೂರು ದಿನದ ಮೇಲೆ ತಂತಿ ಎಳೆದೆವು. ಒಂದು ಬದಿ ಮುಗಿಯಿತು, ಎರಡು ಮುಗಿಯಿತು, ಮೂರು ಮುಗಿಯಿತು. ನಾಲ್ಕನೆಯ ಬದಿಯ ಮೂರನೇ ಒಂದು ಭಾಗಕ್ಕೆ ತಂತಿ ಖಾಲಿ. ಆಚೆ ಬರಿಯ ಕಂಬಗಳು ಸಾಲಾಗಿ ನಿಂತಿದ್ದವು, ಯಾರನ್ನೋ ಸ್ವಾಗತಿಸಲು ನಿಂತ ಹಾಗೆ.

"ಚೆನ್ನಾಗೈತೆ," ಎಂದರು ಯಜಮಾನರು. "ಇಷ್ಟು ದಿನ ಹಂದಿ ಎಲ್ಲೆಲ್ಲಿಂದಲೋ ನುಗ್ಗುತಿದ್ವು. ಈಗ ಬಾಗ್ಲು ಇಟ್ಟುಕೊಟ್ರಿ. ಬೋರ್ಡೂ ಬರೆಸ್ಲಾ?"

ಆಮೇಲೆ ಅವರು ಅಂಗಡಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ತೂಕದಲ್ಲಿ ಹೊಡೆದಿದ್ದೀರಿ ಎಂದರು. ಸಾಹುಕಾರರು ಆ ಕಡೆಯಿಂದ ಅದೇ ದನಿಯಲ್ಲಿ, "ತಂತಿ ತಂದು ನನ್ನ ಕಾಟಾ ಮೇಲೆ ಹಾಕ್ರಿ, ಒಂದು ಗ್ರಾಂ ಕಮ್ಮಿ ಬಂದ್ರೆ ಅಂಗಡಿ ಮುಚ್ತೀನಿ. ಮೇಸ್ತ್ರಿ ಅಳತೆ ತಪ್ಪಿರ್ತಾನೆ, ಕೇಳ್ರಿ" ಎಂದರು. ಇಬ್ಬರೂ ನನ್ನ ಮಾತಿಗೆ ಕಾದರು. ಅಳತೆ ಮಾಡಿದ್ದು ಯಜಮಾನರು, ನಾನು ಚಹಾ ಕುಡಿಯುತ್ತಿದ್ದೆ ಎನ್ನಬೇಕಿತ್ತು. ಎಲ್ಲಿ ತಪ್ಪಿದೆ ಎಂದು ನನಗೆ ಆಗ ನಿಜವಾಗಿಯೂ ಗೊತ್ತಿರಲಿಲ್ಲ, ಆದರೆ ಅಷ್ಟಂತೂ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಅಳತೆ ಸರಿ ಐತೆ ರೀ. ತಂಗಿ ಲೆಕ್ಕ ತಪ್ಪಿದಾಳೆ."

ಮೂರು ವರ್ಷ ಎಲ್ಲಾ ನನ್ನ ಹಣೆಯೊಳಗೇ ಇತ್ತು. ತಪ್ಪಿದ ದಿನ ಅದು ತಂಗಿಯ ಲೆಕ್ಕವಾಯಿತು.

"ಇಷ್ಟೊಂದು ತಪ್ಪುತಾರೇನೋ ಲೆಕ್ಕದಲ್ಲಿ," ಎಂದರು ಸಾಹುಕಾರರು. "ಹಂಗಾದ್ರೆ ಕೌಂಟರಿಗೆ ಸದ್ಯಕ್ಕೆ ಬ್ಯಾಡಪ್ಪ." ಮಾರನೆಯ ದಿನ ನಲವತ್ತು ಕೆಜಿ ತಂತಿ ಬಂತು, ಮಧ್ಯಾಹ್ನದೊಳಗೆ ಬೇಲಿ ಮುಗಿಯಿತು. ಹಂದಿಯೂ ಬರಲಿಲ್ಲ. ನಷ್ಟವಾದದ್ದು ಒಬ್ಬಳಿಗೇ.

ತಂಗಿಗೆ ಹೇಳಿದಾಗ ಅವಳು ಮೊದಲು ಕೆಲಸದ ಮಾತೆತ್ತಲಿಲ್ಲ. ನೋಟುಬುಕ್ಕು ತಂದಳು.

"ಇಪ್ಪತ್ನಾಕು ಹಗ್ಗಾನೇ ತಾನೆ?"

"ಇಪ್ಪತ್ನಾಕೇ."

"ನೀನೇ ಅಳದ್ಯಾ ಅಣ್ಣ?"

"ಮತ್ತಿನ್ಯಾರು ಅಳೀತಾರೆ?"

ಅವಳು ತಲೆ ಆಡಿಸಿದಳು. ನಾನು ಹಾಗೆಂದ ಮೇಲೆ ತಪ್ಪು ಅವಳದೇ ಆಗಬೇಕಿತ್ತು. ಇಸ್ತ್ರಿ ಹಾಕಿದ ಚೂಡಿದಾರಗಳು ಪೆಟ್ಟಿಗೆಗೆ ಹೋದವು.

ನಾಲ್ಕು ದಿನದ ಮೇಲೆ ಸಾಮಾನಿನ ಚೀಲ ಸುರಿದಾಗ ಯಜಮಾನರ ಹಗ್ಗವೂ ಅದರಲ್ಲಿ ಬಂದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಅಂಗಳದಲ್ಲಿ ನನ್ನ ಹಗ್ಗದ ಪಕ್ಕ ಅದನ್ನು ಹಾಸಿದೆ. ಎರಡೂ ಹತ್ತು ಮಾರಿನವು. ನನ್ನದು ನಿಂತ ಮೇಲೂ ಅದು ಹೋಗುತ್ತಲೇ ಇತ್ತು, ಅಂಗಳ ದಾಟಿ ಬೀದಿಗೆ. ಪಕ್ಕದ ಮನೆಯ ಬಡಗಿಯ ಟೇಪು ತಂದು ಅಳೆದೆ. ಅವರದು ಅರವತ್ತು ಅಡಿ. ನನ್ನದು ಐವತ್ತು.

ನನ್ನ ಮಾರು ಐದು ಅಡಿ ಎಂದು ನಲವತ್ತರ ಹತ್ತಿರದ ವಯಸ್ಸಿನಲ್ಲಿ ತಿಳಿಯಿತು. ಅದು ಹಾಗಿರಲಿ. ಹಾಗಾದರೆ ಆ ಮೂರು ವರ್ಷ ಬೇಲಿಗಳು ಸರಿ ಬಂದದ್ದು ಹೇಗೆ? ಒಳಗೆ ಹೋಗಿ ತಂಗಿಯ ನೋಟುಬುಕ್ಕು ತೆಗೆದೆ. ಮೊದಲ ಪುಟದಲ್ಲಿ, ಮೂರು ಅಡಿಗೆ ನೂರು ಗ್ರಾಂ ಎಂದು ಬರೆದ ಸಾಲಿನ ಕೆಳಗೇ ಇತ್ತು: ಅಣ್ಣನ ಹಗ್ಗ, ಐವತ್ತು ಅಡಿ.

ಅವಳು ಮೊದಲ ವಾರವೇ ಅಳೆದುಕೊಂಡಿದ್ದಳು. ನಾನು ಎಲ್ಲರ ಮುಂದೆ ಅರವತ್ತು ಅಡಿ ಎಂದು ಹೇಳಿಕೊಂಡು ತಿರುಗುವಾಗ, ನಿನ್ನ ಕೈ ಗಿಡ್ಡ ಅಣ್ಣ ಎಂದು ಒಮ್ಮೆಯೂ ಹೇಳದೆ, ಸುಮ್ಮನೆ ಐವತ್ತು ಹಿಡಿದು ಲೆಕ್ಕ ಹಾಕಿ ನನ್ನ ಮಾನ ಉಳಿಸಿದ್ದಳು. ಅವಳ ಮಾನ ನನ್ನ ಕೈಗೆ ಬಂದದ್ದು ಒಂದೇ ಸಲ, ಒಂದೇ ಫೋನಿನಲ್ಲಿ.

ಆ ಸಂಜೆಯೇ ಹೇಳಬಹುದಿತ್ತು. ತಿಂಗಳು ಶುರುವಾಗಲು ಇನ್ನೂ ಎರಡು ದಿನ ಇತ್ತು. ಹೇಳಿದರೆ ಚಹಾ ಹೇಳಬೇಕು, ಆಡಿದ ಸುಳ್ಳನ್ನು ಹೇಳಬೇಕು, ಅದಕ್ಕಿಂತ ಹೆಚ್ಚಾಗಿ ಐದು ಅಡಿ ಹೇಳಬೇಕು. ನಾನು ಏನು ಮಾಡಿದೆ ಎಂದರೆ, ಯಜಮಾನರ ಹಗ್ಗವನ್ನು ಎರಡು ತುಂಡು ಮಾಡಿ, ಹಿತ್ತಿಲಲ್ಲಿ ನುಗ್ಗೆ ಮರದಿಂದ ಗೋಡೆಯ ಮೊಳೆಗೆ ಬಟ್ಟೆ ಒಣಗಿಸಲು ಕಟ್ಟಿದೆ. "ಏನಣ್ಣ, ಇಷ್ಟು ದಿನ ಹೇಳಿದ್ರೂ ಕಟ್ಟದವನು ಇವತ್ತು ಕಟ್ಟಿದೀಯ" ಎಂದು ತಂಗಿ ಸಂತೋಷಪಟ್ಟಳು. ಮುಂದೆ ಒಂದು ವರ್ಷ, ಮದುವೆಯಾಗಿ ಜಗಳೂರಿಗೆ ಹೋಗುವವರೆಗೆ, ಅವಳು ತನ್ನ ಒದ್ದೆ ಬಟ್ಟೆಯನ್ನು ಆ ಸಾಕ್ಷಿಯ ಮೇಲೆಯೇ ಹರವಿದಳು. ನಾನು ಹಿತ್ತಿಲ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ಇದೆಲ್ಲ ನಡೆದು ಎಂಟು ವರ್ಷ ದಾಟಿದೆ. ನಾನು ಈಗ ಟೇಪು ಇಟ್ಟುಕೊಂಡಿದ್ದೇನೆ. ತಂಗಿಯ ಗಂಡ, ನಮ್ಮ ಭಾವ, ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ನೀರುಗಂಟಿ, ಪಂಚಾಯ್ತಿಯ ನೀರು ಬಿಡುವ ಕೆಲಸ. ತಂಗಿ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಈ ಬೇಸಿಗೆಯಲ್ಲಿ ಆ ಕಡೆ ಒಂದು ಕುರಿದೊಡ್ಡಿಗೆ ತಂತಿ ಎಳೆಯುವ ಕೆಲಸ ಸಿಕ್ಕಿ ಅವಳ ಮನೆಯಲ್ಲಿ ಉಳಿದೆ. ಬೆಳಗ್ಗೆ ಒಬ್ಬ ಹೆಂಗಸು ಅಳತೆ ಕೊಡಲು ಬಂದಿದ್ದಳು. ತಂಗಿ ಅವಳ ತೋಳು ಅಳೆದಳು, ಬರೆದಳು, ಮತ್ತೆ ಅಳೆದಳು, ಮತ್ತೆ.

"ನಿಮ್ಮ ತಂಗಿ ಕೈಗೆ ಸಿಕ್ರೆ ಮೂರು ಸಲ ಕೈ ಎತ್ತಬೇಕು ನೋಡ್ರಿ," ಎಂದಳು ಆ ಹೆಂಗಸು ನನಗೆ. "ಪೊಲೀಸ್ರೂ ಒಂದೇ ಸಲ ಎತ್ತಿಸ್ತಾರೆ."

"ಒಂದ್ಸಲ ತಪ್ಪಿದೀನಕ್ಕ, ಅದಕ್ಕೆ," ಎಂದಳು ತಂಗಿ, ಟೇಪು ಸುತ್ತುತ್ತಾ.

ಆ ಹೆಂಗಸು ಹೋದ ಮೇಲೆ ಅಳತೆ ಬರೆದ ಪುಸ್ತಕವನ್ನು ನೋಡಿದೆ. ಅದೇ ಹಳೆಯ ನೋಟುಬುಕ್ಕು. ರವಿಕೆ ಅಳತೆಗಳ ನಡುವೆ ಅಲ್ಲಲ್ಲಿ ಒಂದು ಲೆಕ್ಕವಿತ್ತು. ನೀಲಿ ಶಾಯಿಯಲ್ಲಿ, ಕಪ್ಪು ಶಾಯಿಯಲ್ಲಿ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ. ಇಪ್ಪತ್ತನಾಲ್ಕು ಇಂಟು ಐವತ್ತು, ಸಾವಿರದ ಇನ್ನೂರು. ಐದು ಎಳೆ, ಆರು ಸಾವಿರ. ಮೂವತ್ತರಿಂದ ಭಾಗಿಸಿದರೆ ಇನ್ನೂರು. ಎಂಟು ಹತ್ತು ಕಡೆ ಎಣಿಸಿ ಬಿಟ್ಟೆ.

"ಇದೇನು ತಂಗಿ ಇದು?"

"ಅದಾ. ಕರೆಂಟ್ ಹೋಗಿ ಮಿಷನ್ ನಿಂತಾಗ ಮಾಡ್ತಿರ್ತೀನಿ. ಎಲ್ಲಿ ತಪ್ಪಿತ್ತು ಅಂತ ಸಿಗ್ತಾನೇ ಇಲ್ಲ ನೋಡಣ್ಣ. ಹೆಂಗೆ ಮಾಡಿದ್ರೂ ಇನ್ನೂರೇ ಬರ್ತೈತೆ."

ನನಗೆ ಕೂರಲಾಗಲಿಲ್ಲ. ನಿಂತುಕೊಂಡೇ ಹೇಳಿದೆ. ಹೊಂಗೆ ಮರ, ಫ್ಲಾಸ್ಕು, ಯಜಮಾನರು, ಫೋನು, ಎರಡು ಹಗ್ಗ, ಬಟ್ಟೆ ಹಗ್ಗ. ಐದು ಅಡಿಯನ್ನೂ ಹೇಳಿದೆ. ಬಾಗಿಲಲ್ಲಿ ಭಾವ ನಿಂತಿದ್ದರು, ಒಳಗೆ ಬರುವುದೋ ಹೊರಗೆ ಹೋಗುವುದೋ ತಿಳಿಯದೆ ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಂಡರು.

ತಂಗಿ ನನ್ನ ಮುಖ ನೋಡಲಿಲ್ಲ. "ಅವರ ಮಾರು ಎಷ್ಟಿತ್ತು?" ಎಂದಳು.

"ಆರು ಅಡಿ. ಹಗ್ಗ ಅರವತ್ತು."

ಪೆನ್ಸಿಲ್ ತಗೊಂಡು ಬರೆದಳು. ಇಪ್ಪತ್ತನಾಲ್ಕು ಇಂಟು ಅರವತ್ತು. ಐದರಿಂದ ಗುಣಿಸಿದಳು, ಮೂವತ್ತರಿಂದ ಭಾಗಿಸಿದಳು. ಇನ್ನೂರ ನಲವತ್ತು. ಅದರ ಕೆಳಗೆ ಇನ್ನೂರು ಬರೆದು ಕಳೆದಳು. ನಲವತ್ತು ಬಂತು. ಆ ನಲವತ್ತರ ಸುತ್ತ ಒಂದು ಸುತ್ತು ಹಾಕಿದಳು.

"ಸರಿ ಐತೆ," ಎಂದಳು. "ಅವತ್ತೂ ಸರಿ ಐತೆ."

ಅವಳ ಮುಖದಲ್ಲಿ ಒಂದು ಗಳಿಗೆ ಸಂತೋಷವೇ ಇತ್ತು. ಆಮೇಲೆ ಅದು ಹೋಯಿತು. ನೋಟುಬುಕ್ಕು ಮುಚ್ಚಿದಳು.

"ಎಂಟು ವರ್ಷ ಅಣ್ಣ. ನನ್ನ ಮಗಳಿಗೆ ಮಗ್ಗಿ ಹೇಳಿಕೊಡಾಕೂ ಹೆದರ್ತಿದ್ದೆ ನಾನು."

ತಪ್ಪಾಯ್ತು ಎಂದೆ.

"ನನ್ ಮುಂದೆ ಅಂದ್ರೆ ಏನು ಬಂತು? ನಾನು ತಪ್ಪಿದೀನಿ ಅಂತ ಹೇಳಿದ್ದು ಹೊನ್ನಾಳಿ ಅಂಗಡಿಗೆ. ಅಲ್ಲಿ ಹೋಗಿ ಹೇಳು. ಐದು ಅಡೀನೂ ಹೇಳು." ಒಳಗೆ ಹೋಗುತ್ತಾ, "ಉಂಡು ಹೋಗು" ಎಂದಳು. ಬಡಿಸಿದ್ದು ಭಾವ.

ಬಸ್ಸು ಬದಲಾಯಿಸಿ ಬದಲಾಯಿಸಿ ಹೊನ್ನಾಳಿ ಸೇರಿದಾಗ ಸಂಜೆಯಾಗುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯುವ ಆಸೆಯಾಯಿತು, ಕಾಯಲಿಲ್ಲ. ಎಲ್ಲ ಹೇಳಿದೆ. ಸಾಹುಕಾರರು ಕೇಳುತ್ತಾ ಕೇಳುತ್ತಾ ಕಿವಿಗೆ ಕಡ್ಡಿ ಹಾಕಿಕೊಂಡರು.

"ಯಾವ ತಂತಿ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ನಾನು ಮೊದಲಿನಿಂದ ಮತ್ತೆ ಹೇಳಬೇಕಾಯಿತು, ನಲ್ಲೂರಿನಿಂದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಗಿರಾಕಿಗಳು ಸಾಮಾನು ಕಟ್ಟಿಸಿಕೊಂಡ ಮೇಲೂ ನಿಂತಿದ್ದರು. ಒಬ್ಬ ಮುದುಕ ನನ್ನ ಕೈಗಳನ್ನೇ ನೋಡುತ್ತಿದ್ದ.

"ಥೂ ನಿನ್ನ," ಎಂದರು ಸಾಹುಕಾರರು, ನೆನಪಾದ ಮೇಲೆ. "ಚಹಾಕ್ಕೆ ಒಂದು ಹುಡುಗಿ ಕೆಲಸ ಕಳೆದ್ಯಲ್ಲೋ. ಆ ಸೀಟಿಗೆ ಈಗ ಬೇರೆಯವರು ಬಂದಾರೆ." ಆಮೇಲೆ ಮೂಲೆಯಲ್ಲಿದ್ದ ಒಂದು ನುಣುಪು ತಂತಿಯ ಸುರುಳಿ ತೋರಿಸಿದರು. ಗೇಜು ಬರೆದ ಚೀಟಿ ಹರಿದು ಹೋಗಿತ್ತು. "ಆದ್ರೂ ಫೋನ್ ಹಚ್ಚು. ಮೂವತ್ತು ಕೆಜಿ ಐತೆ ಅದು. ಬಿಚ್ಚದೇ ಎಷ್ಟು ಅಡಿ ಅಂತ ಹೇಳ್ಲಿ."

ಅವರೇ ಮೂರು ಅಡಿ ತುಂಡು ಮಾಡಿ ತೂಕ ಹಾಕಿದರು. ನಲವತ್ತು ಗ್ರಾಂ. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಚಹಾ ಬಂತು, ನನ್ನ ಕೈಗೂ ಒಂದು ಲೋಟ ಬಂತು. ನಾನು ಫೋನು ಮಾಡಿ, ಸ್ಪೀಕರಿಗೆ ಹಾಕಿ, ಮೂರು ಅಡಿಗೆ ನಲವತ್ತು ಗ್ರಾಂ, ಒಟ್ಟು ಮೂವತ್ತು ಕೆಜಿ ಎಂದೆ.

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಮೂರು ಅಡಿ ಯಾರು ಅಳದಿದ್ದು?"

"ಸಾಹುಕಾರ್ರು. ಟೇಪಲ್ಲಿ."

"ನೀನು ಏನು ಮಾಡ್ತಿದ್ದೆ?"

ನಾನು ಲೋಟವನ್ನು ಕೌಂಟರಿನ ಮೇಲಿಟ್ಟೆ. ತುಂಡು ತಂತಿಯನ್ನು ಎತ್ತಿಕೊಂಡು, ಟೇಪು ಎಳೆದು, ನಾನೂ ಒಮ್ಮೆ ಅಳೆದೆ.